ಮುಶೈರಿಬ್‌ನ ಕಾವಲು: ದೋಹಾದ ಒಂದು ಬಡಾವಣೆಯ ಸುರಕ್ಷತೆಯ ಚರಿತ್ರೆ

ಮುಶೈರಿಬ್ ಎಂಬ ಹೆಸರಿನೊಳಗೆ ನೀರಿದೆ. ಅರಬ್ಬಿಯಲ್ಲಿ ‘ಕುಡಿ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಹೆಸರು ಅದು. ನಮ್ಮ ಶರಬತ್ತು ಕೂಡ ಅದೇ ಧಾತುವಿನ ಕೂಸು. ಹಳೆಯ ದೋಹಾದ ಜನ ಸಿಹಿನೀರಿಗೆ ಬರುತ್ತಿದ್ದ ಬಾವಿ ಇಲ್ಲಿತ್ತು. ಮಳೆ ಬಿದ್ದರೆ ಮಾತ್ರ ಹರಿಯುವ ಒಣಹಳ್ಳ, ಅಂದರೆ ವಾದಿ, ಇಲ್ಲಿಯೇ ಹಾಯುತ್ತಿತ್ತು. ಇಂದಿನ ನಮ್ಮ ಮಕ್ಕಳಿಗೆ ಮುಶೈರಿಬ್ ಎಂದರೆ ಮೆಟ್ರೊದ ಮೂರು ಮಾರ್ಗಗಳೂ ಸೇರುವ ನಿಲ್ದಾಣ. ನನ್ನ ವಯಸ್ಸಿನವರಿಗೆ ಅದು ಕಹ್ರಬಾ ಸ್ಟ್ರೀಟ್‌ನ ಶುಕ್ರವಾರದ ಸಂಜೆ: ಟೇಪ್ ರೆಕಾರ್ಡರ್ ಅಂಗಡಿ, ಚಹಾದ ಗ್ಲಾಸು, ಊರಿಂದ ಯಾರು ಬಂದರು, ಯಾರು ಹೋದರು ಎಂಬ ಮಾತು.

ಈ ಜಾಗವನ್ನು ಯಾರು ಕಾಯುತ್ತಿದ್ದರು, ಯಾರಿಂದ ಕಾಯುತ್ತಿದ್ದರು, ಯಾರಿಗಾಗಿ? ಇದು ಈ ಲೇಖನದ ಪ್ರಶ್ನೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ನಿವೃತ್ತ ವೈದ್ಯ. ಆದರೆ ಒಂದು ಬಡಾವಣೆ ಎಷ್ಟು ಸುರಕ್ಷಿತ ಎಂಬುದರ ಅರ್ಧ ಲೆಕ್ಕ ಠಾಣೆಯ ಪುಸ್ತಕದಲ್ಲಿದ್ದರೆ ಉಳಿದರ್ಧ ವೈದ್ಯನ ಮೇಜಿನ ಮುಂದೆ ಬಂದು ಕೂರುತ್ತದೆ.

ದೋಹಾದ ಬಗ್ಗೆ ವಿವರವಾದ ಹಳೆಯ ವರ್ಣನೆ ಸಿಗುವುದು ಲೋರಿಮರ್‌ನ ಪರ್ಷಿಯನ್ ಕೊಲ್ಲಿಯ ಗೆಜೆಟಿಯರ್‌ನಲ್ಲಿ. ಬ್ರಿಟಿಷ್ ಇಂಡಿಯಾ ಸರ್ಕಾರ ತನ್ನ ಅಧಿಕಾರಿಗಳಿಗಾಗಿ ಬರೆಸಿದ ಗ್ರಂಥ ಅದು. 1908ರ ಅದರ ಸಂಪುಟದಲ್ಲಿ ದೋಹಾ ಎಂದರೆ ಒಂಬತ್ತು ಕೇರಿಗಳು, ತುರ್ಕಿ ಸೈನಿಕರೂ ಸೇರಿ ಸುಮಾರು 12,000 ಜನ. ಕೇರಿಗೆ ಇಲ್ಲಿಯ ಮಾತು ‘ಫರೀಜ್’. ಒಂದು ಕುಲದವರು, ಅವರ ನೆಂಟರು, ಆಶ್ರಿತರು ಒತ್ತಾಗಿ ಮನೆ ಕಟ್ಟಿಕೊಂಡು ಇರುವ ಓಣಿಗಳ ಗುಂಪು. ಫರೀಜ್‌ನಲ್ಲಿ ಪೊಲೀಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಪರಿಚಿತ ಓಣಿಯ ಬಾಯಿಗೆ ಬಂದರೆ ಹತ್ತು ಕಣ್ಣು ನೋಡುತ್ತಿದ್ದವು. ಜಗಳವಾದರೆ ಹಿರಿಯರ ಮಜ್ಲಿಸ್‌ನಲ್ಲಿ ಕಾಫಿ ಕುಡಿದು ತೀರ್ಮಾನ. ನಮ್ಮ ಹಳ್ಳಿಯ ತಳವಾರನಿಗೆ ಸಮನಾದವರು ಯಾರೆಂದು ಹುಡುಕಿದರೆ ಶೇಖರ ಸಶಸ್ತ್ರ ಸೇವಕರಾದ ‘ಫಿದಾವಿ’ಗಳು ಸಿಗುತ್ತಾರೆ. ಆದರೆ ತಳವಾರ ಊರಿನವನು, ಫಿದಾವಿ ದೊರೆಯವನು. ಈ ವ್ಯತ್ಯಾಸ ಸಣ್ಣದಲ್ಲ.

ಊರಿಗೆ ದೊಡ್ಡ ಭಯ ಬರುತ್ತಿದ್ದದ್ದು ಬೇಸಿಗೆಯಲ್ಲಿ. ಮುತ್ತಿನ ಹಂಗಾಮಿನ ನಾಲ್ಕು ತಿಂಗಳು ದುಡಿಯುವ ಗಂಡಸರೆಲ್ಲ ಸಮುದ್ರದಲ್ಲಿ. ಮನೆಯಲ್ಲಿ ಹೆಂಗಸರು, ಮಕ್ಕಳು, ಮುದುಕರು. ಕರಾವಳಿಯಿಂದ ಗಲ್ಫ್‌ಗೆ ಗಂಡಸರನ್ನು ಕಳಿಸಿ ವರ್ಷಗಟ್ಟಲೆ ಮನೆ ಕಾದ ನಮ್ಮ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಶೈರಿಬ್‌ನ ಪಕ್ಕದಲ್ಲಿ, ಸೂಕ್ ವಾಕಿಫ್‌ಗೆ ತಾಗಿದಂತೆ, ಬಿಳಿಯ ಸಣ್ಣ ಕೋಟೆಯೊಂದಿದೆ: ಅಲ್ ಕೂತ್. ಅದನ್ನು 1927ರಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಂ ಕಟ್ಟಿಸಿದ್ದು ಸಂತೆಯನ್ನು ಕಳ್ಳರಿಂದ ಕಾಯಲು. ಮುಂದೆ ಅದೇ ಸೆರೆಮನೆಯಾಯಿತು. 1978ರಲ್ಲಿ ಜೀರ್ಣೋದ್ಧಾರವಾಯಿತು. ಕೊಲ್ಲಿಯ ಅರಬ್ಬಿಯ ‘ಕೂತ್’ ಎಂಬ ಮಾತು ನಮ್ಮ ಕಡೆಯ ‘ಕೋಟ್’, ‘ಕೋಟೆ’ಗಳ ನೆಂಟ ಎಂದು ಕೆಲವು ಪಂಡಿತರು ಊಹಿಸುತ್ತಾರೆ. ನಿಜವಿದ್ದರೆ ಕುವೈತ್ ಎಂದರೆ ಪುಟ್ಟ ಕೋಟೆ! ಊಹೆ ಎಂದು ಹೇಳಿಯೇ ಇದನ್ನು ಬರೆಯುತ್ತಿದ್ದೇನೆ, ಆದರೂ ಅಲ್ ಕೂತ್ ಮುಂದೆ ಹಾದಾಗಲೆಲ್ಲ ನೆನಪಾಗುತ್ತದೆ.

ಕಾವಲು ಎಲ್ಲರಿಗೂ ಒಂದೇ ರೀತಿ ಇರಲಿಲ್ಲ ಎನ್ನುವುದಕ್ಕೆ ಎರಡು ಸಾಕ್ಷಿ ಕೊಡುತ್ತೇನೆ. ಮೊದಲನೆಯದು ನಮ್ಮ ದೇಶದವರದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮುತ್ತಿನ ವ್ಯಾಪಾರಕ್ಕೆ ಬಂದ ಭಾರತದ ಬನಿಯಾ ವ್ಯಾಪಾರಿಗಳು ಇಲ್ಲಿದ್ದರು. 1880ರ ದಶಕದ ಆರಂಭದಲ್ಲಿ ಅವರು ಊರು ಬಿಡಬೇಕಾಗಿ ಬಂತು. ಬುಶೈರ್‌ನ ಬ್ರಿಟಿಷ್ ರೆಸಿಡೆಂಟ್ ಮಧ್ಯೆ ಬಂದು ಶೇಖ್ ಜಾಸಿಂ ಅವರಿಂದ ಪರಿಹಾರ ಕೇಳಿದ. ಆ ವ್ಯಾಪಾರಿಗೆ ಓಣಿಯ ಕಣ್ಣುಗಳಿಂದ ರಕ್ಷಣೆ ಸಿಗಲಿಲ್ಲ. ಸಿಕ್ಕಿದ್ದು ದೂರದ ಹಡಗಿನ ಫಿರಂಗಿಯಿಂದ, ಅದೂ ತಡವಾಗಿ. ಇದರಲ್ಲಿ ಜಾಸಿಂ ಅವರ ಮಾತೂ ಇತ್ತು. ಒಂದು ಕಡೆ ತುರ್ಕಿ, ಇನ್ನೊಂದು ಕಡೆ ಬ್ರಿಟನ್, ನಡುವೆ ತನ್ನ ಊರನ್ನು ಉಳಿಸಿಕೊಳ್ಳಬೇಕಾದ ದೊರೆಗೆ ಬ್ರಿಟಿಷ್ ರಕ್ಷಣೆಯ ವ್ಯಾಪಾರಿ ಬರೀ ವ್ಯಾಪಾರಿಯಾಗಿ ಕಾಣುವುದು ಕಷ್ಟ.

ಎರಡನೆಯ ಸಾಕ್ಷಿ ಮುಶೈರಿಬ್‌ನ ಒಳಗೇ ಇದೆ: ಬಿನ್ ಜಲ್ಮೂದ್ ಮನೆ. ಗುಲಾಮರ ವ್ಯಾಪಾರಿಯೊಬ್ಬನ ಮನೆ ಅದು. 2015ರಲ್ಲಿ ತೆರೆದ ಮುಶೈರಿಬ್ ವಸ್ತುಸಂಗ್ರಹಾಲಯದ ನಾಲ್ಕು ಮನೆಗಳಲ್ಲಿ ಇದೂ ಒಂದು. ಅರಬ್ ದೇಶವೊಂದು ತನ್ನ ಗುಲಾಮಗಿರಿಯ ಚರಿತ್ರೆಯನ್ನು ತಾನೇ ಗೋಡೆಯ ಮೇಲೆ ಬರೆದು ಸಾರ್ವಜನಿಕರಿಗೆ ತೋರಿಸಿರುವುದು ಧೈರ್ಯದ ಕೆಲಸ. ಆಫ್ರಿಕಾದಿಂದ ತಂದ ಜನ ಇಲ್ಲಿ ಮುತ್ತಿಗೆ ಮುಳುಗಿದರು, ನೀರು ಹೊತ್ತರು, ಮಕ್ಕಳನ್ನು ಸಾಕಿದರು. ಕತಾರ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಮಾಲೀಕರಿಗೆ ಪರಿಹಾರ ಕೊಟ್ಟರು. ನಮ್ಮ ಸಂಘದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಒಮ್ಮೆ ಈ ಮನೆಗೆ ಹೋಗಬೇಕು. ಅಲ್ಲಿಯ ಕೊನೆಯ ಭಾಗ ಇಂದಿನ ಕಾಲದ ಬಲವಂತದ ದುಡಿಮೆಯ ಬಗ್ಗೆಯೂ ಮಾತಾಡುತ್ತದೆ.

ಪೊಲೀಸ್ ಎಂಬ ವ್ಯವಸ್ಥೆ ಬಂದದ್ದು ತೈಲದ ಜೊತೆ. 1949ರಲ್ಲಿ ರೊನಾಲ್ಡ್ ಕೋಕ್ರೇನ್ ಎಂಬ ಬ್ರಿಟಿಷ್ ಅಧಿಕಾರಿ ದೋಹಾಕ್ಕೆ ಬಂದು ಪೊಲೀಸ್ ಪಡೆ ಕಟ್ಟಲು ತೊಡಗಿದರು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತೈಲದ ಹಡಗು ಉಮ್ ಸಯೀದ್‌ನಿಂದ ಹೊರಟಿತು. ಎರಡೂ ಒಂದೇ ವರ್ಷದಲ್ಲಿ ನಡೆದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಕೊಳವೆ, ಬಂದರು, ಕಂಪನಿಯ ಗೋದಾಮು ಇವುಗಳ ಕಾವಲನ್ನು ಫಿದಾವಿಗಳ ಕೈಗೆ ಬಿಡಲು ಬ್ರಿಟಿಷರು ಒಪ್ಪುವವರಲ್ಲ. ಕೋಕ್ರೇನ್ ಇಸ್ಲಾಂ ಸ್ವೀಕರಿಸಿ ಮೊಹಮ್ಮದ್ ಮಹ್ದಿ ಎಂಬ ಹೆಸರು ತಾಳಿ, ಮುಂದೆ ಸೇನೆಯ ಮುಖ್ಯಸ್ಥರೂ ಆದರು. ಆ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಸ್ವಾತಂತ್ರ್ಯ ಬಂದದ್ದು 1971ರ ಸೆಪ್ಟೆಂಬರ್ 3ರಂದು, ದೇಶದ ಸ್ವಂತ ದಂಡಸಂಹಿತೆಯೂ ಅದೇ ವರ್ಷ.

ಇಲ್ಲಿ ಒಂದು ಮಾತಿನ ಸ್ವಾರಸ್ಯ. ಇಲ್ಲಿಯ ಠಾಣೆಯಲ್ಲಿ ಬರೆದುಕೊಳ್ಳುವ ವರದಿಗೆ ಅರಬ್ಬಿಯಲ್ಲಿ ‘ಮಹ್ದರ್’ ಎನ್ನುತ್ತಾರೆ. ನಮ್ಮ ಪೊಲೀಸರ ಸ್ಥಳ ‘ಮಹಜರು’ ಅದೇ ಮಾತು, ಪರ್ಷಿಯನ್ ದಾರಿಯಲ್ಲಿ ಬಂದದ್ದರಿಂದ ದಕಾರ ಜಕಾರವಾಗಿದೆ. ಜಾಮೀನು, ವಕೀಲ, ಕೈದಿ, ತಕರಾರು ಎಲ್ಲವೂ ಈ ಕಡೆಯಿಂದಲೇ ಬಂದವು. ಕನ್ನಡಿಗನೊಬ್ಬ ದೋಹಾದ ಠಾಣೆಗೆ ಹೋದರೆ ಭಾಷೆ ಬಾರದೆ ಕಂಗಾಲಾಗುತ್ತಾನೆ, ಆದರೆ ಅಲ್ಲಿ ಕಿವಿಗೆ ಬೀಳುವ ಅರ್ಧ ಪದ ಅವನ ಊರಿನ ಕೋರ್ಟಿನ ಪದಗಳೇ!

ಈಗ ನಮ್ಮವರ ಕಾಲಕ್ಕೆ ಬರೋಣ. ಕಹ್ರಬಾ ಎಂದರೆ ವಿದ್ಯುತ್ತು. ದೋಹಾದಲ್ಲಿ ಮೊದಲು ವಿದ್ಯುತ್ ದೀಪ ಕಂಡ ಬೀದಿ ಅದು, ಅದಕ್ಕೇ ಆ ಹೆಸರು. ಬೆಳಕಿರುವಲ್ಲಿ ಅಂಗಡಿ, ಅಂಗಡಿ ಇರುವಲ್ಲಿ ಜನ. ತೈಲದ ಹಣ ಬಂದ ಮೇಲೆ ಕತಾರಿ ಕುಟುಂಬಗಳು ಹೊರವಲಯದ ದೊಡ್ಡ ಮನೆಗಳಿಗೆ ಹೋದವು. ಅವರು ಬಿಟ್ಟ ಅಂಗಳದ ಮನೆಗಳು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಬಂದವು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಹುಡುಗರು ಬೊಂಬಾಯಿ ದಾರಿಯಾಗಿ ಬಂದು ಕೇರಳ, ನೇಪಾಳ, ಬಾಂಗ್ಲಾದವರ ಪಕ್ಕದಲ್ಲಿ ಇಂಥ ಕೋಣೆಗಳಲ್ಲೇ ಮಲಗಿದರು. ಒಂದು ಕೋಣೆಗೆ ಎಂಟು ಮಂಚ, ಒಂದು ಅಡುಗೆ ಒಲೆ. ದೇಶದ ಜನಸಂಖ್ಯೆ 1986ರಲ್ಲಿ 3.69 ಲಕ್ಷ, 2004ರಲ್ಲಿ 7.44 ಲಕ್ಷ, 2010ರಲ್ಲಿ ಸುಮಾರು 17 ಲಕ್ಷ. ಆ ಏರಿಕೆಯಲ್ಲಿ ಹೆಚ್ಚಿನವರು ಒಂಟಿ ಗಂಡಸರು.

ಹೊರಗಿನವರು ಮುಶೈರಿಬ್ ಎಂದರೆ ಮೂಗು ಮುರಿಯುತ್ತಿದ್ದರು. ಸಂಜೆಯ ಮೇಲೆ ಹೆಂಗಸರು ಹೋಗುವ ಜಾಗವಲ್ಲ ಎನ್ನುತ್ತಿದ್ದರು. ವೈದ್ಯನಾಗಿ ನಾನು ಕಂಡದ್ದು ಬೇರೆ. ನನ್ನ ಬಳಿಗೆ ಅಲ್ಲಿಂದ ಬಂದವರಲ್ಲಿ ಚಾಕುವಿನ ಗಾಯದವರು ಅಪರೂಪ. ಬಂದವರು ಗ್ಯಾಸ್ ಒಲೆಯ ಬೆಂಕಿಗೆ ಸುಟ್ಟವರು, ಒಂದೇ ಪ್ಲಗ್ಗಿಗೆ ನಾಲ್ಕು ವೈರು ಸಿಕ್ಕಿಸಿ ಶಾಕ್ ಹೊಡೆಸಿಕೊಂಡವರು, ರಸ್ತೆ ದಾಟುವಾಗ ಕಾರಿಗೆ ಸಿಕ್ಕವರು, ಬಿಸಿಲಿಗೆ ಬಿದ್ದವರು, ನಿದ್ದೆ ಬಾರದೆ ಎದೆನೋವು ಎಂದು ಬಂದು ಮನೆಯ ಸಾಲದ ಕಥೆ ಹೇಳಿದವರು. ಅವರ ಬಡಾವಣೆಯ ಅಪಾಯ ಕಳ್ಳನಿಂದ ಬರುವುದಕ್ಕಿಂತ ಹೆಚ್ಚಾಗಿ ವೈರಿನಿಂದ, ಚಕ್ರದಿಂದ, ಕಿಕ್ಕಿರಿದ ಕೋಣೆಯಿಂದ ಬರುತ್ತಿತ್ತು.

ಪೆಟ್ಟಾದವರಿಗೆ ಪೊಲೀಸ್ ಕಾಗದ ಬೇಕಾಗುತ್ತಿತ್ತು. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಎಂ.ಎಲ್.ಸಿ. ಮಾಡುವಂತೆಯೇ. ಆದರೆ ಇಲ್ಲಿ ಆ ಮಾತು ಎತ್ತಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. “ಡಾಕ್ಟ್ರೇ, ಬಿದ್ದೆ ಅಂತ ಬರ್ಕೊಳ್ಳಿ ಸಾಕು, ಪೊಲೀಸ್ ಗಿಲೀಸ್ ಬೇಡ” ಎನ್ನುವ ಮಾತನ್ನು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಕೇಳಿದ್ದೇನೆ. ಭಯ ಪೊಲೀಸನ ಮೇಲಿನದ್ದಲ್ಲ. ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ, ಐ.ಡಿ.ಯ ಅವಧಿ ಮುಗಿದಿದೆ, ಠಾಣೆಗೆ ಹೋದರೆ ತಾನೇ ತಪ್ಪಿತಸ್ಥನಾಗುವೆ ಎಂಬ ಲೆಕ್ಕ ಅದು. ದೂರು ಕೊಡಲಾಗದವನಿಗೆ ಎಷ್ಟು ಒಳ್ಳೆಯ ಪೊಲೀಸರಿದ್ದರೂ ಏನು ಪ್ರಯೋಜನ? ಊರು ಬಿಡಲು ಮಾಲೀಕನ ಅನುಮತಿ ಬೇಕೆಂಬ ನಿಯಮ ಹೆಚ್ಚಿನ ಕೆಲಸಗಾರರಿಗೆ 2018ರಲ್ಲಿ ಹೋಯಿತು. ಕೆಲಸ ಬದಲಿಸಲು ಅವನ ಒಪ್ಪಿಗೆ ಬೇಕೆಂಬುದು 2020ರಲ್ಲಿ ಸಡಿಲವಾಯಿತು. ನನ್ನ ಅಭಿಪ್ರಾಯದಲ್ಲಿ ಇವೆರಡು ಕಾರ್ಮಿಕ ಸುಧಾರಣೆಗಳಷ್ಟೇ ಪೊಲೀಸ್ ಸುಧಾರಣೆಗಳೂ ಹೌದು.

ಸಾವುಗಳನ್ನು ನೇರವಾಗಿ ತಗ್ಗಿಸಿದ ಪೊಲೀಸ್ ಕೆಲಸ ಯಾವುದೆಂದು ಕೇಳಿದರೆ 2007ರ ಸಂಚಾರ ಕಾಯಿದೆ ಎನ್ನುತ್ತೇನೆ. ಭಾರೀ ದಂಡ, ಲೈಸೆನ್ಸಿಗೆ ಅಂಕ ಕಡಿತ, ಕ್ಯಾಮೆರಾ. ಶುರುವಿನಲ್ಲಿ ಎಲ್ಲರೂ ಬೈದರು. ಮುಂದಿನ ವರ್ಷಗಳಲ್ಲಿ ಜನಸಂಖ್ಯೆಗೆ ಹೋಲಿಸಿದರೆ ರಸ್ತೆ ಸಾವಿನ ಪ್ರಮಾಣ ಇಳಿಯಿತು. ತಲೆಗೆ ಪೆಟ್ಟಾದ ಹುಡುಗನ ತಂದೆಗೆ ಊರಿಗೆ ಫೋನ್ ಮಾಡಿದ ಯಾವ ವೈದ್ಯನೂ ಆ ದಂಡವನ್ನು ಬೈಯಲಾರ. ಗಸ್ತಿನ ‘ಅಲ್ ಫಝಾ’ ವಾಹನಗಳನ್ನೂ ಹೇಳಬೇಕು. ಕೂಗಿದೊಡನೆ ನೆರವಿಗೆ ಓಡಿ ಬರುವುದಕ್ಕೆ ಅರಬ್ಬರ ಹಳೆಯ ಮಾತು ಫಝಾ. ಬೆಂಗಳೂರಿನ ಪೊಲೀಸ್ ಜೀಪಿಗೆ ಹೊಯ್ಸಳ ಎಂದು ಹೆಸರಿಟ್ಟ ಹಾಗೆ, ಹಳೆಯ ಹೆಸರನ್ನು ಹೊಸ ಗಾಡಿಗೆ ಹಚ್ಚುವ ಅಭ್ಯಾಸ ಇಲ್ಲಿಯೂ ಇದೆ.

2010ರ ಜನವರಿಯಲ್ಲಿ ಮುಶೈರಿಬ್ ಡೌನ್‌ಟೌನ್ ಯೋಜನೆಗೆ ಅಡಿಗಲ್ಲು ಬಿತ್ತು. ಅದಕ್ಕೂ ಮೊದಲೇ ಓಣಿಗಳು ಖಾಲಿಯಾಗತೊಡಗಿದ್ದವು. 31 ಹೆಕ್ಟೇರ್‌ನಲ್ಲಿ ನಾಲ್ಕು ಹಳೆಯ ಮನೆಗಳಂಥ ಕೆಲವನ್ನು ಬಿಟ್ಟು ಹೆಚ್ಚಿನದೆಲ್ಲ ನೆಲಸಮವಾಯಿತು. ಅದೇ ವರ್ಷದ 15ನೇ ಕಾಯಿದೆ ಕುಟುಂಬಗಳ ವಸತಿ ಪ್ರದೇಶದಲ್ಲಿ ಕಾರ್ಮಿಕರ ಸಾಮೂಹಿಕ ವಸತಿಯನ್ನು ನಿಷೇಧಿಸಿತು. ಸುರಕ್ಷತೆ ಎಂಬ ಮಾತನ್ನೇ ಎರಡಕ್ಕೂ ಕಾರಣವಾಗಿ ಹೇಳುವವರಿದ್ದಾರೆ. ಒಪ್ಪಬೇಕಾದ ಅಂಶವಿದೆ: ಆ ವೈರುಗಳು, ಆ ಒಲೆಗಳು ಹೋದದ್ದು ಒಳ್ಳೆಯದೇ. ಆದರೆ ಜನ ಮಾಯವಾಗಲಿಲ್ಲ. ಕೆಲವರು ಇಂಡಸ್ಟ್ರಿಯಲ್ ಏರಿಯಾಕ್ಕೆ, ಕೆಲವರು ನಜ್ಮಾ, ಮನ್ಸೂರದ ಹಳೆಯ ಕಟ್ಟಡಗಳಿಗೆ ಹೋದರು. 2023ರ ಮಾರ್ಚ್ 22ರಂದು ಮನ್ಸೂರದ ಬಿನ್ ದಿರ್ಹಮ್‌ನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಕುಸಿದು ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು. ಅಪಾಯವನ್ನು ಒಂದು ಕೇರಿಯಿಂದ ಎತ್ತಿ ಪಕ್ಕದ ಕೇರಿಗೆ ಇಟ್ಟರೆ ವೈದ್ಯನ ಲೆಕ್ಕದಲ್ಲಿ ರೋಗ ವಾಸಿಯಾಗಿಲ್ಲ.

ಹೊಸ ಮುಶೈರಿಬ್ ಸುಂದರವಾಗಿದೆ. ಕಿರಿದಾದ ನೆರಳಿನ ಓಣಿಗಳನ್ನು ಬೇಕೆಂದೇ ಉಳಿಸಿದ್ದಾರೆ, ಕಾರುಗಳನ್ನು ನೆಲದಡಿಗೆ ಕಳಿಸಿದ್ದಾರೆ, ಟ್ರಾಮ್ ಇದೆ, ಎಲ್ಲೆಡೆ ಕ್ಯಾಮೆರಾ ಇದೆ. ರಾತ್ರಿ ಹನ್ನೊಂದಕ್ಕೆ ನಮ್ಮ ಹೆಣ್ಣುಮಕ್ಕಳು ಒಬ್ಬರೇ ನಡೆದು ಮೆಟ್ರೊ ಹಿಡಿಯುತ್ತಾರೆ. ಇದು ಸಣ್ಣ ಮಾತಲ್ಲ. ಅಮೆರಿಕದ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಮುಖ್ಯವಾಗಿ ಅಂಗಡಿಯವರ, ನೆರೆಯವರ, ಕಿಟಕಿಯಲ್ಲಿ ಕುಳಿತವರ ಕಣ್ಣು ಎಂದು ವಾದಿಸಿದ್ದರು. ಹಳೆಯ ಕಹ್ರಬಾ ಸ್ಟ್ರೀಟ್‌ನಲ್ಲಿ ಅಂಥ ಕಣ್ಣುಗಳಿದ್ದವು. ಎರಡು ದಿನ ಚಹಾಕ್ಕೆ ಬಾರದ ಮುದುಕನ ಕೋಣೆಯ ಬಾಗಿಲನ್ನು ಬಡಿದು, ಜ್ವರದಲ್ಲಿ ಮಲಗಿದ್ದವನನ್ನು ನನ್ನ ಬಳಿಗೆ ಹೊತ್ತು ತಂದವನು ಚಹಾ ಅಂಗಡಿಯ ಹುಡುಗ. ಕ್ಯಾಮೆರಾ ಬೀದಿಯನ್ನು ನೋಡುತ್ತದೆ, ಬಾರದವನನ್ನು ಲೆಕ್ಕ ಹಾಕುವುದಿಲ್ಲ.

ಕಂಪನಿ ಹೌಸ್ ಎಂಬ ಮನೆಯಲ್ಲಿ ಮೊದಲ ತೈಲ ಕಾರ್ಮಿಕರ ಕಥೆ ಇದೆ, ರದ್ವಾನಿ ಮನೆಯಲ್ಲಿ ಕುಟುಂಬ ಜೀವನದ ಕಥೆ. ಎಂಟು ಮಂಚದ ಕೋಣೆಯ ಕಥೆಯ ಭಾಗ ನಮ್ಮವರ ಟ್ರಂಕುಗಳಲ್ಲಿದೆ: ಕಹ್ರಬಾದ ಸ್ಟುಡಿಯೊದಲ್ಲಿ ತೆಗೆಸಿ ಊರಿಗೆ ಕಳಿಸಿದ ಫೋಟೊ, ಬಾಡಿಗೆ ಚೀಟಿ, ಠಾಣೆಯ ಹಳೆಯ ಕಾಗದ. ಸಂಘದ ಗ್ರಂಥಾಲಯ ಅವುಗಳ ನಕಲು ತೆಗೆದಿಡಲು ಒಪ್ಪಿದೆ. ಹೆಸರು ಬೇಡವೆಂದರೆ ಹೆಸರು ತೆಗೆಯುತ್ತೇವೆ.

ಕೊನೆಗೆ ಒಂದು ಬಳಕೆಯ ವಿಷಯ. ತುರ್ತು ಸಂಖ್ಯೆ 999. ಗೃಹಸಚಿವಾಲಯದ ಮೆತ್ರಾಶ್ ಆಪ್ ಅರಬ್ಬಿ, ಇಂಗ್ಲಿಷ್ ಅಲ್ಲದೆ ಉರ್ದು, ಮಲಯಾಳಗಳಲ್ಲೂ ಬಂದಿದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಠಾಣೆಗೆ ಹೋಗಬೇಕಾದ ನಮ್ಮ ಹುಡುಗರ ಜೊತೆ ಹಿಂದಿ, ಅರಬ್ಬಿ ಬಲ್ಲವರೊಬ್ಬರು ಹೋಗಿ ಕೂರುವುದು ಈಗಲೂ ಬೇಕು. ಮಹ್ದರ್‌ಗೆ ಸಹಿ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಲಿ.