ಹಳೇ ಗಾಡಿ ಕಥೆಗಳು, ಕಂತು 17: ಸದ್ದಡಗಿಸಿದ ಉಂಗುರ

ಮೊದಲ ಫೋಟೋ ನೋಡಿ. ಅಂಗೈ ಮೇಲೆ ಎರಡು ಉಂಗುರ. ಕಪ್ಪಗಿರೋದು ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಯ ಹಳೇ ರಬ್ಬರ್ ಬುಷ್. ಬಿರುಕು ಬಿಟ್ಟು, ಒಣಗಿದ ಅಡಿಕೆ ಸಿಪ್ಪೆ ಥರ ಆಗಿದೆ. ಕೆಂಪಗಿರೋದು ಅದರ ಜಾಗಕ್ಕೆ ನಾನು ಲೇತ್‌ನಲ್ಲಿ ಕಡೆಸಿ ಹಾಕಿಸಿದ ಪಾಲಿಯುರೆಥೇನ್ ಬುಷ್. ಗ್ಯಾರೇಜ್ ಭಾಷೇಲಿ ಪಿಯು ಬುಷ್.

ಬುಷ್‌ಗಳು, ಎಂಜಿನ್ ಮೌಂಟಿಂಗ್, ಎಲ್ಲವನ್ನೂ ಒಂದೇ ಸಲ ಪಿಯು ಮಾಡಿಸಿಬಿಟ್ಟೆ. ಮೊದಲ ಭಾನುವಾರ ಅಮ್ಮನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋದೆ. ತಿರುವಿನಲ್ಲಿ ಗಾಡಿ ಹೊಸದರ ಥರ ಬಿಗಿ. ನನಗೋ ಖುಷಿಯೋ ಖುಷಿ. ಎರಡನೇ ಹಂಪ್ ದಾಟಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಅಪ್ಪನ ಗಾಡಿ ಹೀಗೆ ಸದ್ದು ಮಾಡ್ತಿರ್ಲಿಲ್ಲ ಕಣೋ."

ಆ ಒಂದು ಮಾತಿನ ಹಿಂದೆ ನೂರು ವರ್ಷದ ಇತಿಹಾಸ ಇದೆ. ಇವತ್ತಿನ ಕಂತು ಅದೇ.

🔩 ಮೊದಲು ಎಣ್ಣೆ ಇತ್ತು

ಕಾರಿನ ಚಕ್ರ ಮೇಲೆ ಕೆಳಗೆ ಆಡಬೇಕು. ಆಡಬೇಕು ಅಂದ್ರೆ ಎಲ್ಲೋ ಒಂದು ಕೀಲು ಇರಲೇಬೇಕು. ಆ ಕೀಲಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಕೂರುವ ಉಂಗುರವೇ ಬುಷ್.

ಎತ್ತಿನ ಗಾಡಿ ನೋಡಿದವರಿಗೆ ಇದು ಹೊಸದಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕದಿದ್ರೆ ಗಾಡಿ ಊರಿಗೆಲ್ಲ ಕೇಳಿಸೋ ಹಾಗೆ ಕಿರುಗುಟ್ಟುತ್ತೆ. ಮೊದಮೊದಲ ಮೋಟಾರು ಕಾರುಗಳದ್ದೂ ಇದೇ ಪಾಡು. ಲೀಫ್ ಸ್ಪ್ರಿಂಗಿನ ಕಣ್ಣಿನಲ್ಲಿ ಕಂಚಿನ ಬುಷ್, ಅದರೊಳಗೆ ಉಕ್ಕಿನ ಪಿನ್. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಇಟ್ಟುಕೊಂಡವರು ಕೆಲವು ನೂರು ಮೈಲಿಗೊಮ್ಮೆ ಎಣ್ಣೆ ಡಬ್ಬಿ ಹಿಡಿದು ಗಾಡಿ ಸುತ್ತ ಪ್ರದಕ್ಷಿಣೆ ಹಾಕಬೇಕಿತ್ತು. ಮರೆತರೆ ಕಂಚು ಸವೆಯುತ್ತೆ, ಕೀಲು ಸಡಿಲವಾಗುತ್ತೆ, ಗಾಡಿ ಗಡಗಡ ಅನ್ನುತ್ತೆ.

🔩 ಆಮೇಲೆ ಮೌನ ಬಂತು

1920ರ ದಶಕದಲ್ಲಿ ಲಿಯೋನ್ ಥಿರಿ ಎಂಬ ಎಂಜಿನಿಯರ್ ಬೇರೆ ದಾರಿ ಹಿಡಿದರು. ಒಂದರೊಳಗೊಂದು ಎರಡು ಉಕ್ಕಿನ ಕೊಳವೆ, ಮಧ್ಯೆ ಬಿಗಿಯಾಗಿ ಅದುಮಿ ತುಂಬಿದ ರಬ್ಬರ್. ಒಳಗಿನ ಕೊಳವೆಯನ್ನು ಬೋಲ್ಟ್ ಹಿಡಿದುಕೊಳ್ಳುತ್ತೆ, ಹೊರಗಿನದ್ದು ಆರ್ಮ್ ಜೊತೆ ಆಡುತ್ತೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಈ ಕೀಲಿನಲ್ಲಿ ಯಾವುದೂ ಯಾವುದರ ಮೇಲೂ ಜಾರೋದಿಲ್ಲ. ರಬ್ಬರ್ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ, ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಜಾರಾಟ ಇಲ್ಲ ಅಂದಮೇಲೆ ಉಜ್ಜಾಟ ಇಲ್ಲ. ಉಜ್ಜಾಟ ಇಲ್ಲ ಅಂದಮೇಲೆ ಎಣ್ಣೆಯೂ ಬೇಡ, ಸದ್ದೂ ಇಲ್ಲ. ಅದಕ್ಕೇ ಅದರ ಹೆಸರು ಸೈಲೆಂಟ್‌ಬ್ಲಾಕ್. ನಮ್ಮ ಸ್ಪೇರ್ಸ್ ಅಂಗಡಿಗಳಲ್ಲಿ ಇವತ್ತಿಗೂ 'ಸೈಲೆಂಟ್ ಬುಷ್ ಕೊಡಿ' ಅಂತ ಕೇಳ್ತಾರಲ್ಲ, ಆ 'ಸೈಲೆಂಟ್' ಬಂದಿದ್ದು ಹೀಗೆ.

ಎಂಜಿನ್ ಮೌಂಟಿಂಗ್ ಕಥೆಯೂ ಇದೇ ಕಾಲದ್ದು. ನಾಲ್ಕು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ನಡುಗುವಂಥದ್ದು. ಅದನ್ನು ನೇರವಾಗಿ ಚಾಸಿಗೆ ಬಿಗಿದರೆ ಕೂತವರ ಹಲ್ಲೂ ನಡುಗುತ್ತೆ. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಪಿಎ ಕಾರಿನಲ್ಲಿ ಎಂಜಿನ್ ಅನ್ನು ರಬ್ಬರ್ ಮೇಲೆ ಕೂರಿಸಿತು. ಮುಂದೆ ಎತ್ತರದಲ್ಲಿ ಒಂದು, ಹಿಂದೆ ತಗ್ಗಿನಲ್ಲಿ ಒಂದು ಆಧಾರ. ಎಂಜಿನ್ ತನ್ನ ಭಾರದ ನಡುಗೆರೆಯ ಸುತ್ತ ತಾನೇ ತೂಗಾಡಿಕೊಳ್ಳಲಿ, ಒಳಗಿದ್ದವರಿಗೆ ಗೊತ್ತಾಗದಿರಲಿ ಅನ್ನೋ ಲೆಕ್ಕ. ಹೆಸರು ಫ್ಲೋಟಿಂಗ್ ಪವರ್. ಮರುವರ್ಷವೇ ಫ್ರಾನ್ಸಿನ ಸಿಟ್ರೊಯೆನ್ ಇದರ ಲೈಸೆನ್ಸ್ ತಗೊಂಡು, ಆ ಕಾರುಗಳ ಮುಂದೆ ತೇಲುವ ಹಂಸದ ಚಿಹ್ನೆ ಹಾಕಿತು.

ಹಂಸ! ಗಡಗಡ ಅನ್ನುತ್ತಿದ್ದ ಯಂತ್ರಕ್ಕೆ ಹಂಸದ ಹೆಸರು ಬರುವಂತೆ ಮಾಡಿದ್ದು ಮರದ ಹಾಲು. ಸುಳ್ಯ, ಪುತ್ತೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

🔩 ಮೂರನೆಯದು ಬಂದ ದಾರಿ

ಮರದ ಹಾಲಿಗೆ ಆಯಸ್ಸು ಇದೆ. ಬಿಸಿಲು, ಎಂಜಿನ್ ಶಾಖ, ಗಾಳಿಯ ಓಝೋನ್, ಸೋರುವ ಆಯಿಲ್ ಎಲ್ಲ ಸೇರಿ ರಬ್ಬರನ್ನು ತಿನ್ನುತ್ತವೆ. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತೆ.

1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಆಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞರ ತಂಡ ಪಾಲಿಯುರೆಥೇನ್ ಕಂಡುಹಿಡಿಯಿತು. ಒಂದೇ ಕುಟುಂಬದ ವಸ್ತು, ನೂರು ವೇಷ: ಹಾಸಿಗೆಯ ಫೋಮ್ ಅದೇ, ಫ್ರಿಜ್ ಗೋಡೆಯೊಳಗಿನದ್ದೂ ಅದೇ, ಸವೆಯದ ಗಟ್ಟಿ ಚಕ್ರವೂ ಅದೇ.

ಚಕ್ರ ಅಂದೆನಲ್ಲ, ಅಲ್ಲೊಂದು ಸಣ್ಣ ಕಥೆ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ವರ್ಜೀನಿಯಾದ ಪರ್ಸೆಲ್‌ವಿಲ್ ಊರಿನ ಕಾರ್ಖಾನೆಯೊಂದರಲ್ಲಿ ರೋಲರ್ ಸ್ಕೇಟ್‌ಗೆ ಅಂತ ಮಾಡಿದ್ದ ಪಾಲಿಯುರೆಥೇನ್ ಚಕ್ರಗಳು ಫ್ರ್ಯಾಂಕ್ ನಾಸ್‌ವರ್ದಿ ಎಂಬ ಹುಡುಗನ ಕಣ್ಣಿಗೆ ಬಿದ್ದವು. ತನ್ನ ಸ್ಕೇಟ್‌ಬೋರ್ಡಿಗೆ ಹಾಕಿ ನೋಡಿದ. ಅಲ್ಲಿವರೆಗೆ ಇದ್ದ ಉಕ್ಕಿನ ಮತ್ತು ಜೇಡಿಯಂಥ ಮಿಶ್ರಣದ ಚಕ್ರಗಳು ಸಣ್ಣ ಕಲ್ಲಿಗೂ ಸಿಕ್ಕಿ ಆಳನ್ನೇ ಉರುಳಿಸುತ್ತಿದ್ದವು. ಇದು ನೆಲವನ್ನು ಹಿಡಿದುಕೊಂಡಿತು, ಸವೆಯಲೂ ಇಲ್ಲ. ಪೆಟ್ಟು ತಿಂದರೂ ಆಕಾರ ಬಿಡದ ಈ ಗುಣವೇ ರೇಸ್ ಕಾರು, ಹಳೇ ಕಾರುಗಳ ಸಸ್ಪೆನ್ಷನ್ ಮಾಡುವವರಿಗೂ ಬೇಕಾಗಿದ್ದು.

🔩 ಹಾಗಾದ್ರೆ ಸದ್ದು ಎಲ್ಲಿಂದ?

ಇದು ಇವತ್ತಿನ ಮುಖ್ಯ ಮಾತು. ಪಿಯು ಬುಷ್ ಸಾಮಾನ್ಯವಾಗಿ ಲೋಹಕ್ಕೆ ಅಂಟಿಕೊಂಡಿರಲ್ಲ. ಆರ್ಮ್ ಆಡಿದಾಗ ಅದು ತಿರುಚಿಕೊಳ್ಳಲ್ಲ, ಉಕ್ಕಿನ ಸ್ಲೀವ್ ಮೇಲೆ ಜಾರುತ್ತೆ. ಅಂದ್ರೆ ನಾವು ಮುಂದೆ ಹೋಗಿ ಹೋಗಿ ಮತ್ತೆ ಕಂಚಿನ ಬುಷ್ ಕಾಲಕ್ಕೇ ಬಂದ್ವಿ! ಜಾರಾಟ ಬಂತು, ಅದರ ಹಿಂದೆ ಕೀಲೆಣ್ಣೆಯೂ ಬಂತು. ಜೋಡಿಸುವಾಗ ಸಿಲಿಕೋನ್ ಗ್ರೀಸ್ ಚೆನ್ನಾಗಿ ಸವರಬೇಕು. ಮಳೆ ನೀರು ಅದನ್ನು ತೊಳೆದರೆ ಕಿರ್ ಕಿರ್ ಶುರು.

ಗಟ್ಟಿತನವೂ ಬೇರೆ. ಶೋರ್ ಎ ಅಳತೆಯಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70 ಇದ್ದರೆ, ಪಿಯು 80, 90ರ ಹತ್ತಿರ ಇರುತ್ತೆ. ಬ್ರೇಕ್ ಹೊಡೆದಾಗ ಆರ್ಮ್ ಅಲುಗಾಡಲ್ಲ, ಗಾಡಿ ಹೇಳಿದ ಕಡೆ ಹೋಗುತ್ತೆ. ಆದರೆ ರಬ್ಬರ್ ನುಂಗುತ್ತಿದ್ದ ಸಣ್ಣ ನಡುಕವನ್ನೆಲ್ಲ ಅದು ನೇರವಾಗಿ ಬಾಡಿಗೆ ದಾಟಿಸುತ್ತೆ. ಅಮ್ಮನಿಗೆ ಕೇಳಿಸಿದ್ದು ಇದೇ. ಕೀಲಿನ ಕಿರುಗು ಒಂದು, ಎಂಜಿನ್ ಮೌಂಟಿಂಗ್‌ನ ಗುಂಯ್ ಇನ್ನೊಂದು.

🔩 ಹಾಗಂತ ಪಿಯು ತಪ್ಪಾ?

ಅಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ನಿಂತು ಇಪ್ಪತ್ತು ವರ್ಷ ದಾಟಿತು. ಉತ್ತರ್‌ಪಾರಾದಲ್ಲಿ ಅಂಬಾಸಿಡರ್ ನಿಂತಿದ್ದು 2014ರಲ್ಲಿ. ಜೆ.ಸಿ. ರೋಡಿನಲ್ಲಿ ಮೂರು ಶನಿವಾರ ಅಲೆದೆ. ಸಿಕ್ಕ ಕೆಲವು ಬುಷ್ ಹಳೇ ಸ್ಟಾಕು, ಪ್ಯಾಕೆಟ್ಟಿನೊಳಗೇ ಕಲ್ಲಾಗಿದ್ದವು. ಹೊಸದು ಮಾಡೋರಿಲ್ಲದ ಕಡೆ ಒಂದು ಪಿಯು ರಾಡು, ಒಂದು ಲೇತು, ಅಳತೆ ಗೊತ್ತಿರೋ ಒಬ್ಬ ಕೆಲಸಗಾರ ಇದ್ದರೆ ಗಾಡಿ ಗುಜರಿಗೆ ಹೋಗೋದು ತಪ್ಪುತ್ತೆ. ಇದು ಸಣ್ಣ ಮಾತಲ್ಲ.

ಪ್ರಶ್ನೆ ಯಾವುದು ಒಳ್ಳೇದು ಅನ್ನೋದಲ್ಲ, ಎಲ್ಲಿ ಯಾವುದು ಅನ್ನೋದು. ನಾನು ಕಲಿತಿದ್ದು ಇಷ್ಟು:

✅ ಆಂಟಿ ರೋಲ್ ಬಾರ್, ಲೀಫ್ ಸ್ಪ್ರಿಂಗ್ ಕಣ್ಣು: ಚಲನೆ ಬಹುಪಾಲು ಒಂದೇ ದಿಕ್ಕು. ಪಿಯು ಧಾರಾಳವಾಗಿ ಹಾಕಿ.

❌ ನಾಲ್ಕು ದಿಕ್ಕಿಗೂ ಬಾಗಬೇಕಾದ ಲಿಂಕ್‌ಗಳು: ಗಟ್ಟಿ ಬುಷ್ ಹಾಕಿದರೆ ಸಸ್ಪೆನ್ಷನ್ ಹಿಡಿದುಕೊಳ್ಳುತ್ತೆ. ರಬ್ಬರೇ ಇರಲಿ.

❌ ಎಂಜಿನ್ ಮೌಂಟಿಂಗ್: ಮನೆಮಂದಿ ಕೂರೋ ಗಾಡಿಗೆ ರಬ್ಬರೇ ಸರಿ.

⚠️ ರಬ್ಬರ್ ಬುಷ್ ಹಾಕಿಸುವಾಗ ಚಕ್ರಗಳು ನೆಲದ ಮೇಲಿದ್ದು, ಗಾಡಿಯ ಭಾರ ಬಿದ್ದಿರುವಾಗಲೇ ಕೊನೆಯ ಬಿಗಿತ ಕೊಡಿಸಿ. ಜಾಕ್ ಮೇಲೆ ಎತ್ತಿಟ್ಟು ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. 'ರಬ್ಬರ್ ಬಾಳಿಕೆ ಬರಲ್ಲ' ಅನ್ನೋ ದೂರಿನಲ್ಲಿ ಈ ತಪ್ಪಿನ ಪಾಲೂ ಇದೆ.

ಕೊನೆಗೆ ನಾನು ಮಾಡಿದ್ದು? ಹಿಂದಿನ ಲೀಫ್ ಸ್ಪ್ರಿಂಗಿನಲ್ಲಿ ಕೆಂಪು ಉಂಗುರ ಉಳಿಸಿದೆ. ಎಂಜಿನ್ ಮೌಂಟಿಂಗ್‌ಗೆ ಅಪ್ಪನ ಕಾಲದ ಲೋಹದ ಪ್ಲೇಟುಗಳಿಗೇ ಹೊಸ ರಬ್ಬರ್ ಕೂಡಿಸಿದೆ. ಗ್ಯಾರೇಜಿನ ಭಾಯ್ ನಕ್ಕು ಹೇಳಿದ್ರು, "ದುಡ್ಡು ಎರಡು ಸಲ ಕೊಟ್ರಿ ಸಾರ್." ಕೊಟ್ಟೆ, ನಿಜ.

ಮುಂದಿನ ಭಾನುವಾರ ಅಮ್ಮ ಮತ್ತೆ ಹಿಂದಿನ ಸೀಟಲ್ಲಿ ಕೂತರು. ಎರಡನೇ ಹಂಪ್ ದಾಟಿತು. ಈ ಸಲ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ನೋಡಿದ್ರೆ, ನಿದ್ದೆ ಹೋಗಿದ್ದರು. ಅಪ್ಪ ಗಾಡಿ ಓಡಿಸುವಾಗಲೂ ಅವರು ಹಾಗೇ ನಿದ್ದೆ ಮಾಡ್ತಿದ್ದಿದ್ದು.

ನಿಮ್ಮ ಮನೇಲೂ ಹಳೇ ಗಾಡಿ ಇದ್ಯಾ? ಅದರ ಯಾವ ಸದ್ದು ನಿಮಗೆ ನೆನಪಿದೆ? ಕೆಳಗೆ ಬರೀರಿ. ಮುಂದಿನ ಕಂತು: ಕಾರ್ಬುರೇಟರ್ ಮತ್ತು ಚಳಿಗಾಲದ ಬೆಳಗು.

#ಹಳೇಗಾಡಿಕಥೆಗಳು #ಪದ್ಮಿನಿ #ಬುಷ್ #ಕನ್ನಡದಲ್ಲಿಕಾರು