ದಿನವಾರು ಮೊತ್ತದ ಮಾಸಿಕ ಹಂಚಿಕೆ

ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಮತ್ತು ಒಟ್ಟು ಮೊತ್ತ ಮಾತ್ರ ಇರುವ ದಾಖಲೆಯಿಂದ ಪ್ರತಿ ತಿಂಗಳ ಪಾಲನ್ನು ಬಿಡಿಸಿ ವರದಿಗೆ ಒದಗಿಸುವ ಲೆಕ್ಕಕ್ರಮ. 2024ರ ಜನವರಿ 20ರಿಂದ ಮಾರ್ಚ್ 10ರವರೆಗಿನ 51,000 ರೂಪಾಯಿಯ ಗುತ್ತಿಗೆಗೆ ಒಟ್ಟು 51 ದಿನ. ದಿನಕ್ಕೆ ಸಾವಿರದಂತೆ ಜನವರಿಗೆ 12,000, ಅಧಿಕ ವರ್ಷದ ಫೆಬ್ರವರಿಗೆ 29,000, ಮಾರ್ಚಿಗೆ 10,000 ಸಲ್ಲುತ್ತದೆ.

ಈ ವಿಚಾರ ಗಣಕಯಂತ್ರಕ್ಕಿಂತ ಹಳೆಯದು. ಬಾಡಿಗೆ, ವರ್ಷಾಶನದಂತಹ ಆದಾಯ ದಿನದಿಂದ ದಿನಕ್ಕೆ ಸಂಚಯವಾಗುತ್ತದೆ ಎಂದು ಇಂಗ್ಲೆಂಡಿನ 1870ರ ಕಾಯ್ದೆ ಹೇಳಿತು. ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 36ನೇ ಪ್ರಕರಣದಲ್ಲೂ ಇದೇ ತತ್ವವಿದೆ. ತತ್ವ ಸಿದ್ಧವಿದ್ದರೂ ಕೈಬರಹದ ಖಾತೆಪುಸ್ತಕಗಳಲ್ಲಿ ಅದನ್ನು ನಡೆಸುವುದು ಅಪಾರ ಶ್ರಮದ ಕೆಲಸ. ಹಾಗಾಗಿ ಅಡ್ಡದಾರಿಗಳು ಹುಟ್ಟಿದವು. ವಿಮಾ ಕಂಪನಿಗಳ ಇಪ್ಪತ್ತನಾಲ್ಕನೇ ಭಾಗದ ಪದ್ಧತಿ ಅವುಗಳಲ್ಲಿ ಅತ್ಯಂತ ಜಾಣತನದ್ದು. ಒಂದು ತಿಂಗಳಲ್ಲಿ ಮಾರಾಟವಾದ ಪಾಲಿಸಿಗಳೆಲ್ಲ ಆ ತಿಂಗಳ ನಡುವೆಯೇ ಶುರುವಾದವೆಂದು ಭಾವಿಸಿ, ವರ್ಷವನ್ನು 24 ಅರೆತಿಂಗಳುಗಳಾಗಿ ಒಡೆಯುತ್ತಿದ್ದರು. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಯಲ್ಲಿ, ಡಿಸೆಂಬರಿನ ವಾರ್ಷಿಕ ಪಾಲಿಸಿಯ ಕಂತಿನಲ್ಲಿ 24ರಲ್ಲಿ 23 ಭಾಗ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಗಣಕಯಂತ್ರ ಬಂದ ಮೇಲೆ ಪ್ರತಿ ಪಾಲಿಸಿಗೂ 365ನೇ ಭಾಗದ ಲೆಕ್ಕ ಸುಲಭವಾಯಿತು.

ಇಂತಹ ಅಂದಾಜು ಯಾರಿಗೆ ನಷ್ಟ ತರುತ್ತದೆ ಎಂಬುದು ನಮ್ಮ ಬ್ಯಾಂಕುಗಳಲ್ಲಿ ಕಾಣುತ್ತಿತ್ತು. ಉಳಿತಾಯ ಖಾತೆಗೆ ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಸಿಗುತ್ತಿತ್ತು; ಹನ್ನೊಂದರಂದು ಕಟ್ಟಿದ ಹಣಕ್ಕೆ ಆ ತಿಂಗಳು ಏನೂ ಇಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2010ರ ಏಪ್ರಿಲ್ 1ರಿಂದ ದಿನದ ಶಿಲ್ಕಿನ ಮೇಲೆ ಲೆಕ್ಕ ಶುರುವಾಯಿತು. ಸಣ್ಣ ಠೇವಣಿದಾರರಿಗೆ ದಕ್ಕಿದ ನಿಜವಾದ ನ್ಯಾಯವಿದು.

ತಂತ್ರಾಂಶದಲ್ಲಿ ಹಾದಿ ತೆರೆದದ್ದು ದಿನಾಂಕವನ್ನು ಕ್ರಮಸಂಖ್ಯೆಯಾಗಿ ಇಡುವ ಲೋಟಸ್ 1-2-3 (1983), ಎಕ್ಸೆಲ್ (1985) ಮುಂತಾದ ಸ್ಪ್ರೆಡ್‌ಶೀಟುಗಳು. ಒಂದರಿಂದ ಇನ್ನೊಂದನ್ನು ಕಳೆದರೆ ದಿನಗಳೇ ಸಿಗುತ್ತವೆ. ಸೂತ್ರವೂ ಚಿಕ್ಕದು: ದಾಖಲೆಯ ಅವಧಿ ಮತ್ತು ಆಯಾ ತಿಂಗಳು, ಈ ಎರಡರ ಮುಕ್ತಾಯಗಳಲ್ಲಿ ಮೊದಲು ಬರುವುದರಿಂದ ಎರಡರ ಆರಂಭಗಳಲ್ಲಿ ತಡವಾದುದನ್ನು ಕಳೆದು ಒಂದು ಕೂಡಿಸಬೇಕು, ಉತ್ತರ ಋಣವಾದರೆ ಸೊನ್ನೆ. ರಾಲ್ಫ್ ಕಿಂಬಾಲ್ ಅವರ 1996ರ ಡೇಟಾ ವೇರ್‌ಹೌಸ್ ಕೃತಿ ದಿನಕ್ಕೊಂದು ಸಾಲಿನ ಕ್ಯಾಲೆಂಡರ್ ಕೋಷ್ಟಕವನ್ನು ಜನಪ್ರಿಯಗೊಳಿಸಿತು. 2015ರಲ್ಲಿ ಬಂದ ಪವರ್ ಬಿಐ ವರದಿ ತಂತ್ರಾಂಶದಲ್ಲೂ ಅದೇ ಕೋಷ್ಟಕ ಆಧಾರ: ಅವಧಿಯನ್ನು ದಿನಗಳಾಗಿ ಬಿಡಿಸಿ, ತಿಂಗಳ ಪ್ರಕಾರ ಮತ್ತೆ ಕೂಡಿಸುವುದು. ಲಕ್ಷಾಂತರ ದಾಖಲೆಗಳಿದ್ದಾಗ ಸಾಲುಗಳು ಕೋಟಿಗಟ್ಟಲೆ ಬೆಳೆಯುವುದರಿಂದ ಮೇಲಿನ ಸೂತ್ರವೇ ಮೇಲು.

ಹೆಚ್ಚಿನ ತಪ್ಪುಗಳು ಕೊನೆಯ ದಿನದಲ್ಲಿ ಆಗುತ್ತವೆ. ರಜೆಯ ಅರ್ಜಿಯಲ್ಲಿ ಅದು ಲೆಕ್ಕಕ್ಕೆ ಸೇರುತ್ತದೆ. ಹೋಟೆಲಿನಲ್ಲಿ ರಾತ್ರಿಗಳನ್ನು ಎಣಿಸುವುದರಿಂದ ಕೋಣೆ ಬಿಡುವ ದಿನ ಸೇರುವುದಿಲ್ಲ, ಸೂತ್ರದಲ್ಲಿ ಅದರ ಹಿಂದಿನ ದಿನವನ್ನೇ ಮುಕ್ತಾಯವೆಂದು ಹಿಡಿಯಬೇಕು. ಪೈಸೆಯ ಶೇಷವನ್ನು ಸಾಮಾನ್ಯವಾಗಿ ಕೊನೆಯ ತಿಂಗಳಿಗೆ ಸೇರಿಸಿ ಒಟ್ಟು ಮೊತ್ತವನ್ನು ಸರಿದೂಗಿಸುತ್ತಾರೆ.