ಆರ್‌ಸಿಬಿ: 2024ರ ಹರಾಜು ಮತ್ತು ತಂಡ ರಚನೆ

2025ರ ಐಪಿಎಲ್‌ಗಾಗಿ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ನಡೆಸಿದ ಆಟಗಾರರ ಉಳಿಕೆ, ಬಿಡುಗಡೆ ಹಾಗೂ ಖರೀದಿಯ ಕತೆಯಿದು. ತಂಡ ಉಳಿಸಿಕೊಂಡದ್ದು ಮೂವರನ್ನು ಮಾತ್ರ: ವಿರಾಟ್ ಕೊಹ್ಲಿ (21 ಕೋಟಿ ರೂ.), ರಜತ್ ಪಾಟೀದಾರ್ (11 ಕೋಟಿ), ಯಶ್ ದಯಾಳ್ (5 ಕೋಟಿ). ಹೀಗಾಗಿ 2024ರ ನವೆಂಬರ್ 24, 25ರಂದು ಜೆದ್ದಾದಲ್ಲಿ ನಡೆದ ಹರಾಜಿಗೆ 83 ಕೋಟಿ ಕೈಯಲ್ಲಿತ್ತು.

ತಂಡದಲ್ಲಿದ್ದ ಬೌಲರ್ ಮೊಹಮ್ಮದ್ ಸಿರಾಜ್ ಗುಜರಾತ್ ತಂಡಕ್ಕೆ, ಕನ್ನಡಿಗ ಕೆ.ಎಲ್. ರಾಹುಲ್ ಡೆಲ್ಲಿ ತಂಡಕ್ಕೆ ಹೋದಾಗ ಅಭಿಮಾನಿಗಳು ಮುನಿಸಿಕೊಂಡರು. ಕನ್ನಡಿಗರಲ್ಲಿ ದೇವದತ್ತ ಪಡಿಕ್ಕಲ್, ಮನೋಜ್ ಭಾಂಡಗೆ ಸಿಕ್ಕರು. ಆದರೆ ತಂಡದ ಲೆಕ್ಕ ಬೇರೆಯಿತ್ತು. ಹಿಂದೆಲ್ಲ ಬ್ಯಾಟಿಂಗ್ ತಾರೆಯರಿಗೆ ಹಣ ಸುರಿದು ಬೌಲಿಂಗ್‌ನಲ್ಲಿ ಸೊರಗುತ್ತಿದ್ದ ತಂಡ ಈ ಸಲ ಬೌಲರ್‌ಗಳಾದ ಜೋಶ್ ಹೇಜಲ್‌ವುಡ್ (12.50 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ) ಅವರನ್ನು ತಂದಿತು. 2025ರ ಟೂರ್ನಿಯಲ್ಲಿ ಹೇಜಲ್‌ವುಡ್ 22 ವಿಕೆಟ್ ಕಿತ್ತರು. ಎಲ್ಲಕ್ಕಿಂತ ಲಾಭದ ಖರೀದಿ 5.75 ಕೋಟಿಯ ಕೃಣಾಲ್ ಪಾಂಡ್ಯ ಎನ್ನಬೇಕು. ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. 8.75 ಕೋಟಿಯ ಲಿವಿಂಗ್‌ಸ್ಟನ್ ಮಾತ್ರ ಬೆಲೆಗೆ ತಕ್ಕಂತೆ ಆಡಲಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಡೆದ ಆ ಫೈನಲ್‌ನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಬಾರಿ ಕಪ್ ಗೆದ್ದಿತು.